ತೊಂದರೆ ಯಾರ ಕಡೆ

"ಕಡ್ಡಿ ಮುರಿದದ್ದು ದೊಡ್ಡ ವಿಷಯ ಅಲ್ಲಪ್ಪ. ದಾರ ಕಟ್ಟಿಕೊಂಡೂ ದಿನ ದೂಡಬಹುದು. ನಾನು ಬಂದಿದ್ದು ಬೇರೆ ವಿಷಯಕ್ಕೆ," ಎನ್ನುತ್ತ ಅತ್ತಿಗೆ ಕೈಚೀಲದಿಂದ ಕನ್ನಡಕ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟರು.

ಕನ್ನಡಕದವನು ಅದನ್ನೆತ್ತಿ ಬೆಳಕಿಗೆ ಹಿಡಿದ. ಕಡ್ಡಿ ಮುರಿದಿರಲಿಲ್ಲ, ತಿರುಪು ಬಿದ್ದುಹೋಗಿ ಕಳಚಿಕೊಂಡಿತ್ತು ಅಷ್ಟೆ. ಸಾಸಿವೆ ಕಾಳಿನಷ್ಟಿದ್ದ ಹೊಸ ತಿರುಪೊಂದನ್ನು ಚಿಮುಟದ ತುದಿಯಲ್ಲಿ ಎತ್ತಿಕೊಳ್ಳುತ್ತ, "ಹೇಳಿ ಅತ್ತಿಗೆ," ಎಂದ.

"ನೀನು ಕೊಟ್ಟ ಆ ಡಬ್ಬಿ ಕೆಟ್ಟಿದೆ ಅಂತ ಕಾಣುತ್ತೆ. ನಿಮ್ಮಣ್ಣ ದಿನಾ ಸಂಜೆ ಅದರ ಮುಂದೆ ಕೂತು ಕರೀತಾರೆ. ನಿಮ್ಮ ಮಾತೆಲ್ಲ ಅವರಿಗೆ ಕೇಳುತ್ತೆ. ನೀನು ನಗೋದು ಅಡುಗೆಮನೇಲಿರೋ ನನಗೂ ಕೇಳುತ್ತೆ. ಅವರು ಕರೆದರೆ ಮಾತ್ರ ಯಾರೂ ಓಗೊಡಲ್ಲ."

ತಿರುಪು ಚಿಮುಟದಿಂದ ಜಾರಿ ನೆಲಕ್ಕೆ ಬಿತ್ತು. ಅವನು ಹುಡುಕಲು ಕೌಂಟರಿನ ಕೆಳಗೆ ಬಗ್ಗಿದ. ತಿರುಪು ಕಣ್ಣೆದುರಿಗೇ ಬಿದ್ದಿತ್ತು. ಆದರೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ.

"ಅವರನ್ನ ಕೇಳಿದರೆ, ಎಲ್ಲರಿಗೂ ಕೆಲಸ ಇರುತ್ತೆ ಕಣೇ ಅಂತ ಬರೆದು ತೋರಿಸ್ತಾರೆ. ನಿನಗೆ ಹೇಳಬೇಡ ಅಂತ ಆಣೆ ಬೇರೆ," ಅತ್ತಿಗೆ ಹೇಳುತ್ತಲೇ ಇದ್ದರು. "ಅದರಲ್ಲಿ ಗಿಳಿ ಅಂತ ಏನೋ ಇದೆಯಂತಲ್ಲ, ನಾವು ಹೇಳಿದ್ದನ್ನೇ ನಮಗೆ ವಾಪಸ್ ಹೇಳೋದು? ಮಧ್ಯಾಹ್ನವೆಲ್ಲ ಆ ಗಿಳಿ ಹತ್ತಿರ ಮಾತಾಡ್ತಾ ಕೂತಿರ್ತಾರೆ. ನಮಸ್ಕಾರ ಅಂತಾರೆ, ಅದನ್ನ ಕೇಳ್ತಾರೆ, ತಲೆ ಅಲ್ಲಾಡಿಸಿ ಮತ್ತೆ ನಮಸ್ಕಾರ ಅಂತಾರೆ. ನನಗೆ ನೋಡೋಕೆ ಆಗಲ್ಲಪ್ಪ. ಒಂದು ಸಲ ಬಂದು ನೋಡಿ ಹೋಗು."

"ಬರ್ತೀನಿ ಅತ್ತಿಗೆ. ಇವತ್ತೇ ಬರ್ತೀನಿ," ಎಂದು ಅವನು ನೆಲದಿಂದಲೇ ಉತ್ತರ ಕೊಟ್ಟ.

ಅತ್ತಿಗೆಯ ಗಂಡ ಹರಾಜಣ್ಣ ಕನ್ನಡಕದವನಿಗೆ ಒಡಹುಟ್ಟಿದವರಲ್ಲ, ದೂರದ ನೆಂಟರೂ ಅಲ್ಲ. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕಸುಬು. ಅವರು ಈರುಳ್ಳಿ ಕೂಗಿದರೆ ಆಲೂಗಡ್ಡೆ ಸಾಲಿನವರ ಕಣ್ಣಲ್ಲಿ ನೀರು ಬರುತ್ತದೆ ಎಂದು ಹಮಾಲರು ತಮಾಷೆ ಮಾಡುತ್ತಿದ್ದರು. ಅಂಥ ಗಂಟಲು. ಬಹಳ ಹಿಂದೆ ಓದುವ ಕನ್ನಡಕ ಮಾಡಿಸಲು ಅಂಗಡಿಗೆ ಬಂದಾಗ ಅವರ ಸೊಂಟದಲ್ಲಿದ್ದ ಯಂತ್ರ ಇದ್ದಕ್ಕಿದ್ದಂತೆ ಮಾತಾಡಿತ್ತು. ಆಗಿನ್ನೂ ಮೀಸೆ ಬಲಿಯದಿದ್ದ ಕನ್ನಡಕದವನು ಬೆಚ್ಚಿಬಿದ್ದು, "ಅದೇನು?" ಎಂದು ಕೇಳಿದ್ದ. "ಹ್ಯಾಮ್ ರೇಡಿಯೊ ಕಣೋ. ಗುರುತಿಲ್ಲದವರ ಜೊತೆ ಹರಟೆ ಹೊಡೆಯೋಕೆ ಸರ್ಕಾರವೇ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುತ್ತೆ. ಬೇಕಾ?" ಎಂದು ಅವರು ನಕ್ಕಿದ್ದರು. ಪರೀಕ್ಷೆಗೆ ಪಾಠ ಹೇಳಿಕೊಟ್ಟವರು ಅವರೇ, ಅಂಗಡಿಯ ಮಹಡಿ ಹತ್ತಿ ಮೊದಲ ಆಂಟೆನಾ ಕಟ್ಟಿಕೊಟ್ಟವರೂ ಅವರೇ. ಮೊದಲ ದಿನ ಗುಂಡಿ ಒತ್ತಿ ಮಾತು ಬಾರದೆ ಅವನು ತೊದಲಿದಾಗ ಆ ಕಡೆಯಿಂದ, "ಲೋ ಗಾಜು, ಒಡೆದುಹೋಗಲ್ಲ, ಮಾತಾಡೋ!" ಎಂದು ಕೂಗಿದ್ದರು. ಅಂದಿನಿಂದ ರೇಡಿಯೊ ಗೆಳೆಯರಿಗೆಲ್ಲ ಅವನು ಗಾಜು, ಗಾಜಣ್ಣ.

ಕಾಲ ಹೊರಳಿದ ಹಾಗೆ ಶಿಷ್ಯ ಗುರುವಿಗಿಂತ ಮುಂದೆ ಹೋದ. ಡಿಜಿಟಲ್ ಸೆಟ್ಟುಗಳು ಬಂದವು. ಹಾಟ್‌ಸ್ಪಾಟ್ ಎಂಬ, ಸಾಬೂನು ಪೆಟ್ಟಿಗೆಯಷ್ಟು ಚಿಕ್ಕ ಡಬ್ಬಿ ಬಂತು. ಕೈಯಲ್ಲಿನ ಸೆಟ್ಟಿನಿಂದ ಹೊರಟ ದನಿ ಅದೇ ಕೋಣೆಯಲ್ಲಿರುವ ಆ ಡಬ್ಬಿ ಮುಟ್ಟಿದರೆ ಸಾಕು, ಅಲ್ಲಿಂದ ಮುಂದೆ ಇಂಟರ್ನೆಟ್ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಕನ್ನಡಕದವನು ಗೆಳೆಯರೆಲ್ಲ ಒಂದೆಡೆ ಸೇರಲು ಇಂಟರ್ನೆಟ್ಟಿನಲ್ಲಿ ಒಂದು ಮಾತಿನ ಕೋಣೆ ಕಟ್ಟಿದ. ಜಗಲಿ ಎಂದು ಹೆಸರಿಟ್ಟ. ಸಂಜೆಯಾದರೆ ಔಷಧಿ ಅಂಗಡಿ ಇಟ್ಟುಕೊಂಡು ಮಾತ್ರೆ ಎಂದೇ ಕರೆಸಿಕೊಳ್ಳುತ್ತಿದ್ದ ಗೆಳೆಯ, ಲಾರಿ ಓಡಿಸುತ್ತ ದಾರಿಯಿಂದಲೇ ಮಾತಾಡುವ ಲಾರಿಯಣ್ಣ, ಇನ್ನೂ ಹಲವರು ಅಲ್ಲಿ ಸೇರುತ್ತಿದ್ದರು. ಮಾತಾಡಲು ಯಾರು ಗುಂಡಿ ಒತ್ತಿದರೂ ದನಿಗಿಂತ ಮೊದಲು ಅವರ ಹೆಸರು ಎಲ್ಲರ ಸೆಟ್ಟಿನ ಪುಟ್ಟ ಪರದೆಯ ಮೇಲೆ ಮೂಡುತ್ತಿತ್ತು. ಯಾರ ದನಿ ಬಿಡಬೇಕು, ಯಾರದನ್ನು ತಡೆಯಬೇಕು ಎನ್ನುವ ಬೀಗದ ಕೈ ಮಾತ್ರ ಕನ್ನಡಕದವನದು.

ಹರಾಜಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಅದು ಕೆಟ್ಟ ರೋಗವೆಂದಾಗಿ, ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಮಾತಿಗೆ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಗದ್ದದಡಿ ಒತ್ತಿ ಹಿಡಿದು ಬಾಯಿ ಆಡಿಸಿದರೆ ಏರಿಲ್ಲದ, ಇಳಿವಿಲ್ಲದ, ಒಂದೇ ಸ್ವರದ ಗುಂಯ್‌ಗುಡುವ ಮಾತು ಹೊರಡುತ್ತಿತ್ತು. ಅತ್ತಿಗೆ ಅದನ್ನು ದುಂಬಿ ಎಂದು ಕರೆದರು. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಕನ್ನಡಕದವನು ಕೈಯಾರೆ ಒಂದು ಹಾಟ್‌ಸ್ಪಾಟ್ ಜೋಡಿಸಿ, ಹೊಸ ಸೆಟ್ಟಿನ ಜೊತೆ ಒಯ್ದು ಅವರ ಹಾಸಿಗೆಯ ಪಕ್ಕದಲ್ಲಿಟ್ಟ. "ಮಹಡಿ ಹತ್ತೋದು ಬೇಡ, ಆಂಟೆನಾ ಬೇಡ. ಇಲ್ಲೇ ಕೂತು ಜಗಲಿಗೆ ಬನ್ನಿ ಅಣ್ಣ," ಎಂದ. ಹರಾಜಣ್ಣ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಟ್ಟಿರಲಿಲ್ಲ.

ಡಿಜಿಟಲ್ ದನಿಯ ಸ್ವಭಾವ ಆಗ ಇಬ್ಬರ ತಲೆಗೂ ಹೊಳೆಯಲಿಲ್ಲ. ಹಳೆಯ ರೇಡಿಯೊ ನಾಯಿ ಬೊಗಳಿದರೆ ನಾಯಿಯನ್ನೂ, ಮಗು ಅತ್ತರೆ ಮಗುವನ್ನೂ ಇದ್ದ ಹಾಗೇ ಹೊತ್ತು ತರುತ್ತಿತ್ತು. ಹೊಸದು ಮಾತನ್ನು ಚೂರು ಮಾಡಿ, ಅಂಕಿಗಳಾಗಿ ಕಟ್ಟಿ ಕಳಿಸಿ, ಆಚೆ ಕಡೆ ಮತ್ತೆ ದನಿಯಾಗಿ ಜೋಡಿಸುತ್ತದೆ. ಮನುಷ್ಯರ ಗಂಟಲೆಂದರೆ ಹೀಗಿರಬೇಕು ಎಂದು ಅದಕ್ಕೆ ಮೊದಲೇ ಒಂದು ಅಂದಾಜು. ಆ ಅಂದಾಜಿಗೆ ಸಿಗದ್ದನ್ನು ಅದು ಕಲಸಿಹಾಕುತ್ತದೆ. ಹರಾಜಣ್ಣ ಮೊದಲ ಸಂಜೆ ಜಗಲಿಗೆ ಬಂದು ಏನು ಹೇಳಿದರೋ, ಎಲ್ಲರಿಗೂ ಕೇಳಿಸಿದ್ದು ಖಾಲಿ ಡ್ರಮ್ಮಿನಲ್ಲಿ ಕಣಜ ಹೊಕ್ಕಂಥ ಸದ್ದು. "ಸ್ವಾಗತ ಅಣ್ಣ! ನಿಮ್ಮ ಮಾತು ಕೇಳಿ ಖುಷಿಯಾಯ್ತು," ಎಂದು ಮಾತ್ರೆ ಹೇಳಿದ. ಉಳಿದವರೂ ಹಾಗೇ ಹೇಳಿದರು. ಮರುದಿನವೂ ಹೇಳಿದರು. ವಾರ ಕಳೆಯುವಷ್ಟರಲ್ಲಿ ಅವರ ಹೆಸರು ಪರದೆಯ ಮೇಲೆ ಮೂಡಿದರೆ ಜಗಲಿಯಲ್ಲಿ ಒಂದು ಬಗೆಯ ಬಿಗಿ ಮೌನ ಹಬ್ಬುತ್ತಿತ್ತು. ಗುಂಯ್‌ಗುಡುವುದು ಮುಗಿದ ಮೇಲೆ ಯಾರಾದರೊಬ್ಬರು "ಹೌದು ಹೌದು ಅಣ್ಣ" ಎಂದು ಬೇರೆ ಮಾತೆತ್ತುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ದೂರದ ಊರಿನ ಎಂಜಿನಿಯರೊಬ್ಬರು ಜಗಲಿಗೆ ಅತಿಥಿಯಾಗಿ ಬಂದಿದ್ದರು. ಇಂಥ ಸೆಟ್ಟುಗಳನ್ನು ವಿನ್ಯಾಸ ಮಾಡುವವರು. ಅವರನ್ನು ಕರೆಸಲು ಕನ್ನಡಕದವನು ಒಂದು ತಿಂಗಳು ಬೆನ್ನು ಬಿದ್ದಿದ್ದ. ಬೇರೆ ಬೇರೆ ಊರಿನ ನೂರಾರು ಜನ ಕೇಳುತ್ತಿದ್ದರು. ಅವರು ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ಗುಂಡಿ ಬಿಟ್ಟದ್ದೇ ತಡ, ಆ ಸದ್ದು ನುಗ್ಗಿತು. ನಿಂತಿತು. ಮತ್ತೆ ನುಗ್ಗಿತು.

"ಅದೇನದು? ಯಾರಾದ್ರೂ ಮಾತಾಡ್ತಿದ್ದಾರಾ?" ಎಂದು ಅತಿಥಿ ಕೇಳಿದರು.

ಕನ್ನಡಕದವನ ಕೈಯಲ್ಲಿನ ಪರದೆಯ ಮೇಲೆ ಹರಾಜಣ್ಣ ಎಂಬ ಹೆಸರು ಸ್ಪಷ್ಟವಾಗಿ ಹೊಳೆಯುತ್ತಿತ್ತು. "ಇಲ್ಲ ಸಾರ್, ಯಾರೂ ಅಲ್ಲ. ಯಾವುದೋ ಸಿಗ್ನಲ್ ತೊಂದರೆ. ಈಗ ಸರಿಮಾಡ್ತೀನಿ," ಎಂದ ಅವನು. ಕೂಡಲೇ ಕೋಣೆಯ ಬೀಗದ ಕೈ ಇದ್ದ ಕಂಪ್ಯೂಟರಿನಲ್ಲಿ ಆ ಹೆಸರಿನ ಮುಂದೆ ತಡೆ ಹಾಕಿದ. ಸದ್ದು ನಿಂತಿತು. ಅತಿಥಿ ಮುಂದುವರಿಸಿದರು.

ಅಂದೇ ತೆಗೆದುಬಿಡೋಣ ಎಂದುಕೊಂಡಿದ್ದ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಹೊಗಳಿಕೆಗಳು ಬಂದವು. ಮರುದಿನ ಸಂಜೆ ಜಗಲಿ ಹಿಂದಿನ ಹಾಗೆ ಹಗುರವಾಗಿತ್ತು. ಲಾರಿಯಣ್ಣನ ಒಂದು ಹಾಳು ಜೋಕಿಗೆ ಎಲ್ಲರೂ ನಕ್ಕರು. ನಾಳೆ ತೆಗೆದರಾಯಿತು ಎಂದುಕೊಂಡ. ಆ ನಾಳೆಗಳು ಎಷ್ಟಾದವೆಂದು ಅವನು ಲೆಕ್ಕ ಇಡಲಿಲ್ಲ. ಹರಾಜಣ್ಣ ಎಲ್ಲಿ ಎಂದು ಮಾತ್ರೆ ಫೋನು ಮಾಡಿ ಕೇಳಿದಾಗ, "ಗಂಟಲಿಗೆ ವಿಶ್ರಾಂತಿ ಬೇಕಂತಪ್ಪ. ವಾಸಿಯಾಗೋವರೆಗೂ ನನ್ನ ಬ್ಲಾಕ್ ಮಾಡಿಟ್ಟಿರು ಅಂತ ಅವರೇ ಹೇಳಿದ್ರು," ಎಂದ. ಆ ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಹೇಳಿ ಮುಗಿಸಿದ ಮೇಲೆ ಅವನಿಗೇ ಅದು ಎಲ್ಲೋ ನಡೆದ ಮಾತಿನ ಹಾಗೆ ಕೇಳಿಸಿತು. ಅವರ ಮನೆಯ ಕಡೆ ಹೋಗುವುದನ್ನೂ ಬಿಟ್ಟ. ಆ ರಸ್ತೆಯಲ್ಲಿ ಹೋಗಬೇಕಾಗಿ ಬಂದರೆ ಒಂದು ಓಣಿ ಸುತ್ತಿ ಹೋಗುತ್ತಿದ್ದ.

ಆ ಸಂಜೆ ಬೇಗ ಅಂಗಡಿ ಮುಚ್ಚಿ ಹೊರಟವನು ದಾರಿಯ ಮಧ್ಯೆ ಒಂದು ಬೇಕರಿಯ ಮುಂದೆ ನಿಂತು ಫೋನು ತೆಗೆದ. ಒಂದೇ ಒಂದು ಗುರುತು ಅಳಿಸಿದರೆ ಮುಗಿಯಿತು. ಬೆರಳು ಮುಟ್ಟಿಸಿದ. ತಡೆ ಹೋಯಿತು. ಇನ್ನು ಮನೆಗೆ ಹೋಗುವ ಅಗತ್ಯವೂ ಇರಲಿಲ್ಲ. ಆದರೆ ಬರುತ್ತೇನೆಂದು ಮಾತು ಕೊಟ್ಟಾಗಿತ್ತು. ಅಂಗಡಿಗೆ ಹಿಂದಿರುಗಿ, ಸಣ್ಣ ಸ್ಕ್ರೂಡ್ರೈವರುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟ. ರಿಪೇರಿಗೆ ಹೋಗುವವನು ಬರಿಗೈಲಿ ಹೋಗಬಾರದಲ್ಲ.

ಹರಾಜಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿತ್ತು. ಎದೆ ಒಳಸರಿದು ಅಂಗಿ ಜೋಲುತ್ತಿತ್ತು. ಅವನನ್ನು ಕಂಡ ಕೂಡಲೇ ಮುಖ ಅರಳಿ, ದುಂಬಿಯನ್ನು ಗದ್ದದಡಿಗೆ ಒತ್ತಿಕೊಂಡರು.

"ಬಾರೋ ಗಾಜು. ದಾರಿ ತಪ್ಪಿ ಬಂದ್ಯಾ?"

ಪ್ರತಿ ಮಾತೂ ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿ ಕೇಳಿಸಿತು. "ಕೆಲಸ ಅಣ್ಣ, ಏನು ಮಾಡೋದು," ಎಂದು ಅವನು ಮುಖ ತಪ್ಪಿಸಿ ಸೀದಾ ಡಬ್ಬಿಯ ಹತ್ತಿರ ಹೋದ. ಅದರ ಪುಟ್ಟ ದೀಪಗಳು ಎಂದಿನಂತೆ ಮಿನುಗುತ್ತಿದ್ದವು. ಅದಕ್ಕೆ ಏನೂ ಆಗಿರಲಿಲ್ಲ, ಆಗುವುದೂ ಇರಲಿಲ್ಲ. ಅವನು ಚೀಲ ಬಿಚ್ಚಿ, ನಾಲ್ಕು ತಿರುಪು ತೆಗೆದು, ಮುಚ್ಚಳ ಎತ್ತಿ, ಒಳಗೆ ಉಫ್ ಎಂದು ಊದಿದ. ಒಂದು ತಂತಿಯನ್ನು ಕಿತ್ತು ಅಲ್ಲೇ ಮತ್ತೆ ಸಿಕ್ಕಿಸಿದ. ಅತ್ತಿಗೆ ಬಾಗಿಲಲ್ಲಿ ನಿಂತು ಡಾಕ್ಟರನ್ನು ನೋಡುವ ಹಾಗೆ ನೋಡುತ್ತಿದ್ದರು. ಮುಚ್ಚಳ ಹಾಕಿ ತಿರುಪು ಬಿಗಿದ.

"ಸರಿಹೋಯ್ತು ಅನ್ಸುತ್ತೆ."

ಹರಾಜಣ್ಣ ದುಂಬಿ ಎತ್ತಿಕೊಂಡರು. "ತೊಂದರೆ ಯಾರ ಕಡೆ?"

ರೇಡಿಯೊದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಅದು. ಮಾತು ಕೆಟ್ಟರೆ ನಿನ್ನ ಕಡೆಯೋ ನನ್ನ ಕಡೆಯೋ ಎಂದು ನೋಡು, ಆಮೇಲೆ ಉಳಿದದ್ದು ಎಂದು ಅವನಿಗೆ ಕಲಿಸಿದವರೂ ಅವರೇ. ಅವರ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ತಿಳಿದುಕೊಳ್ಳುವ ಕುತೂಹಲ ಅಷ್ಟೆ.

"ಈ ಕಡೆಯೇ ಅಣ್ಣ. ಒಂದು ಸೆಟ್ಟಿಂಗ್ ಬದಲಾಗಿತ್ತು. ಕೈ ತಾಗಿರಬೇಕು."

"ನಾನು ಹೇಳಲಿಲ್ವಾ?" ಅತ್ತಿಗೆ ಗಂಡನ ಕಡೆ ತಿರುಗಿದರು. "ನಿಮ್ಮ ಕೈ ಒಂದು ಕಡೆ ಸುಮ್ಮನಿದ್ದರೆ ತಾನೆ! ಎಷ್ಟು ದಿನ ಸುಮ್ಮನೆ ಕೊರಗಿದಿರಿ."

ಹರಾಜಣ್ಣ ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು. ಆಮೇಲೆ ನಕ್ಕರು. ಅವರ ನಗೆಗೆ ಈಗ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. "ಹಾಗಾದ್ರೆ. ಅವರಿಗೆಲ್ಲ. ನಾನು ಕರೆದಿದ್ದು. ಕೇಳೇ ಇಲ್ಲ," ಎಂದರು. ಆ ಒಂದೇ ಸ್ವರದಲ್ಲೂ ಸಮಾಧಾನ ಎದ್ದು ಕೇಳಿತು. "ನಾನು ಬೇರೆ ಏನೇನೋ. ಅಂದುಕೊಂಡಿದ್ದೆ."

ಕನ್ನಡಕದವನು ಚೀಲದ ದಾರ ಬಿಗಿದು ಎದ್ದ. "ಬರ್ತೀನಿ ಅಣ್ಣ, ಮನೇಲಿ ಕಾಯ್ತಿರ್ತಾಳೆ."

"ಅಯ್ಯೋ, ಟೀ ಇಟ್ಟಿದ್ದೀನಿ," ಅತ್ತಿಗೆ ಅಡ್ಡ ಬಂದರು. "ಜಗಲಿ ಹೊತ್ತೂ ಆಯ್ತು. ಒಂದು ಸಲ ಮಾತಾಡಿಸಿ, ಸರಿಯಾಗಿದೆಯಾ ನೋಡೇ ಹೋಗು. ಮತ್ತೆ ಕೆಟ್ಟರೆ ನಿನ್ನ ಹಿಂದೆ ಓಡೋದು ಯಾರು?"

ಕೂರದೆ ಉಪಾಯವಿರಲಿಲ್ಲ. ಟೀ ಬಂತು. ಸೆಟ್ಟಿನಲ್ಲಿ ಮಾತ್ರೆಯ ದನಿ ಬಂತು: "ಎಲ್ಲರಿಗೂ ನಮಸ್ಕಾರ. ಗಾಜಣ್ಣ ಇನ್ನೂ ಬಂದಿಲ್ಲ, ಇವತ್ತು ನಾನೇ ಶುರು ಮಾಡ್ತೀನಿ. ಯಾರ‍್ಯಾರಿದ್ದೀರಿ?"

ಹರಾಜಣ್ಣ ಸೆಟ್ಟನ್ನು ಎಡಗೈಯಲ್ಲಿ ಮುಖದಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿದರು. ದುಂಬಿಯನ್ನು ಗದ್ದದ ನಡುವಿಗಲ್ಲ, ಬಲಗಡೆಯ ಒಂದು ಜಾಗ ಹುಡುಕಿ ಅಲ್ಲಿ ಒತ್ತಿದರು. ತುಟಿಗಳನ್ನು ಅಗಲವಾಗಿ ಆಡಿಸುತ್ತ, ಒಂದೊಂದೇ ಮಾತನ್ನು ಬೇರೆ ಮಾಡಿ ಇಟ್ಟರು. "ನಮಸ್ಕಾರ. ನಾನು. ಹರಾಜಣ್ಣ. ಕೇಳಿಸ್ತಿದೆಯಾ?" ಮಧ್ಯಾಹ್ನಗಳೆಲ್ಲ ಯಾವುದಕ್ಕೆ ಹೋಗಿದ್ದವೆಂದು ಕನ್ನಡಕದವನಿಗೆ ತಿಳಿಯಿತು.

ಗುಂಡಿ ಬಿಟ್ಟರು. ಎಂದಿನ ಒಂದು ಕ್ಷಣದ ವಿಳಂಬ. ಅತ್ತಿಗೆ ಸೆರಗಿನ ತುದಿ ಹಿಡಿದು ನಿಂತಿದ್ದರು.

"ಹರಾಜಣ್ಣ!" ಮಾತ್ರೆ ಕೂಗಿಯೇಬಿಟ್ಟ. "ಏನಣ್ಣ ಇದು, ಒಂದೊಂದು ಮಾತೂ ಅರ್ಥ ಆಗ್ತಿದೆ! ಆಗ ಬರೀ ಗುಂಯ್ ಅಂತಿತ್ತು. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು. ಅಂತೂ ಗಾಜಣ್ಣ ಬ್ಲಾಕ್ ತೆಗೆದ್ರಲ್ಲ, ಒಳ್ಳೇದಾಯ್ತು. ವಾಸಿಯಾಗೋವರೆಗೂ ಬ್ಲಾಕ್ ಮಾಡಿಟ್ಟಿರು ಅಂತ ನೀವೇ ಹೇಳಿದ್ರಂತಲ್ಲ, ನಾವೆಲ್ಲ ಅದೇ ಯಾವಾಗ ತೆಗೀತಾರೋ ಅಂತ ಕಾಯ್ತಿದ್ವಿ."

ಕನ್ನಡಕದವನ ಕೈಯಲ್ಲಿದ್ದ ಲೋಟ ಸುಡುತ್ತಿತ್ತು, ಕೆಳಗಿಡಬೇಕೆಂದು ಹೊಳೆಯಲಿಲ್ಲ. ಹರಾಜಣ್ಣ ಅವನನ್ನು ನೋಡಲಿಲ್ಲ. ಡಬ್ಬಿಯನ್ನು ನೋಡಿದರು. ಅದರ ಮುಚ್ಚಳವನ್ನು, ಈಗಷ್ಟೇ ಬಿಗಿದ ನಾಲ್ಕು ತಿರುಪುಗಳನ್ನು ನೋಡಿದರು. ಸೆಟ್ಟಿನಲ್ಲಿ ಲಾರಿಯಣ್ಣ, "ಅಣ್ಣಾ, ಇದ್ದೀರಾ?" ಎಂದು ಕೇಳಿದ. ಹರಾಜಣ್ಣ ಮತ್ತೆ ಸೆಟ್ಟನ್ನು ಓರೆಯಾಗಿ ಹಿಡಿದು, ದುಂಬಿಯ ಜಾಗ ಹುಡುಕಿ, ಗುಂಡಿ ಒತ್ತಿದರು.

"ಇದ್ದೀನಪ್ಪ. ಹೌದು. ನಾನೇ ಹೇಳಿದ್ದೆ. ಈಗ ವಾಸಿ. ನಾಳೆಯಿಂದ. ದಿನಾ ಬರ್ತೀನಿ."

ಸೆಟ್ಟಿನ ದನಿ ತಗ್ಗಿಸಿ ಮೇಜಿನ ಮೇಲಿಟ್ಟರು. ಅಲ್ಲಿ ಗೆಳೆಯರು ಇರುವೆಗಳಷ್ಟು ಸಣ್ಣ ದನಿಯಲ್ಲಿ ಸಂಭ್ರಮಿಸುತ್ತಲೇ ಇದ್ದರು.

"ಅಣ್ಣ, ತಪ್ಪಾಯ್ತು," ಎಂದ ಕನ್ನಡಕದವನು.

"ಯಾವುದು?" ಹರಾಜಣ್ಣ ಕೇಳಿದರು. ಆ ಯಂತ್ರದ ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. "ಆವತ್ತು. ಯಾರೂ ಅಲ್ಲ. ತೊಂದರೆ. ಅಂದಿದ್ದಾ? ಬಾಗಿಲು ಹಾಕಿದ್ದಾ? ಈಗ ಡಬ್ಬಿ ಬಿಚ್ಚಿ. ಊದಿದ್ದಾ?"

ಅವನು ತಲೆಯೆತ್ತಿದ. "ಆವತ್ತು... ನೀವು ಕೇಳ್ತಿದ್ರಾ?"

"ಕೇಳೋದು ಬಿಟ್ಟು. ನನಗೇನು ಕೆಲಸ ಇತ್ತು." ಹರಾಜಣ್ಣ ಕೈ ಇಳಿಸಿ ಉಸಿರು ತೆಗೆದುಕೊಂಡರು. ಕುತ್ತಿಗೆಯ ಬಿಳಿ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. "ಅತಿಥಿಗೆ. ಒಂದು ಪ್ರಶ್ನೆ ಇತ್ತು. ನನ್ನಂಥ ದನಿಗೆ. ಸೆಟ್ಟಿನಲ್ಲಿ ಏನಾದ್ರೂ. ಮಾಡಬಹುದಾ ಅಂತ. ನೀನು ತೊಂದರೆ ಅಂದೆ. ನನಗೂ ನಿಜ ಅನ್ನಿಸ್ತು. ಅದಕ್ಕೇ. ಗಿಳಿ ಹತ್ರ ಹೋದೆ."

ಅತ್ತಿಗೆ ಅಲ್ಲಿಂದ ಒಳಗೆ ಹೋದರು. ಪಾತ್ರೆ ಜೋಡಿಸುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳತೊಡಗಿತು. ಕನ್ನಡಕದವನು ಏನೋ ಹೇಳಲು ಹೊರಟ. ನೂರಾರು ಜನ ಕೇಳುತ್ತಿದ್ದರು ಅಣ್ಣ, ಒಂದು ದಿನಕ್ಕೆ ಅಂತ ಹಾಕಿದ್ದು, ಆಮೇಲೆ ಮರೆತೆ. ಯಾವುದನ್ನು ಎತ್ತಿಕೊಂಡರೂ ಅದು ಬಾಯಿಗೆ ಬರುವ ಮೊದಲೇ ಹಳಸುತ್ತಿತ್ತು. ಮರೆತಿರಲಿಲ್ಲ. ಮರೆತ ಹಾಗೆ ಇದ್ದ. ಅವೆರಡರ ನಡುವಿನ ಅಂತರ ಅವನಿಗೆ ಗೊತ್ತಿತ್ತು.

ಹರಾಜಣ್ಣ ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಬಾಗಿಲ ಕಡೆ ಕೈ ತೋರಿಸಿ, "ಹೊರಡಿ. ನಿಮ್ಮ ಮನೇಲಿ. ಕಾಯ್ತಿರ್ತಾರೆ," ಎಂದರು.

ಬಹುವಚನ. ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಲೋ, ಬಾರೋ, ಮುಂಡೇದೆ ಎಲ್ಲ ಕೇಳಿದ್ದ. ಕಪಾಳಕ್ಕೆ ಎರಡು ಬಿಟ್ಟಿದ್ದರೆ ಹೊತ್ತುಕೊಂಡು ಹೋಗಬಹುದಿತ್ತು. ಆ 'ನೀವು' ಎಂಬುದನ್ನು ಹೇಗೆ ಹೊರುವುದೆಂದು ತಿಳಿಯದೆ ಅವನು ಮೆಟ್ಟಿಲಿಳಿದ. ಅರ್ಧ ದಾರಿ ಹೋದ ಮೇಲೆ ಸ್ಕ್ರೂಡ್ರೈವರಿನ ಚೀಲ ಅಲ್ಲೇ ಉಳಿದದ್ದು ನೆನಪಾಯಿತು.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹೆಚ್ಚುತ್ತಿದ್ದ ಸೌತೆಕಾಯಿಯನ್ನು ಅಲ್ಲೇ ಬಿಟ್ಟು ಕೇಳಿದಳು. "ಹರಾಜಣ್ಣ ಹೇಗಿದ್ದಾರೆ ಅಂತ ನಾನು ಕೇಳಿದಾಗಲೆಲ್ಲ, ಚೆನ್ನಾಗಿದ್ದಾರೆ, ದಿನಾ ಮಾತಾಡ್ತೀವಿ ಅಂತಿದ್ರಲ್ಲ?" ಎಂದಳು.

"ಹೂಂ."

"ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ? ನಾನೇನು ನಿಮ್ಮ ಜಗಲಿಯವಳಾ?"

ಅವಳು ಮತ್ತೇನೂ ಕೇಳದೆ ಸೌತೆಕಾಯಿಗೆ ಹಿಂದಿರುಗಿದಳು.

ಮರುದಿನ ಸಂಜೆ ಜಗಲಿಯಲ್ಲಿ ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಡೆ ಹಾಕಿದ್ದು ತಾನೇ, ಅವರು ಕೇಳಿರಲಿಲ್ಲ, ಮಾತ್ರೆಗೆ ಹೇಳಿದ್ದು ಸುಳ್ಳು. ಆಮೇಲೆ ಲಾರಿಯಣ್ಣ, "ಬಿಡಿ ಗಾಜಣ್ಣ, ಆಗುತ್ತೆ. ನಮಗೂ ಆ ಸದ್ದು ಕಿರಿಕಿರಿ ಆಗಿದ್ದು ನಿಜ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ," ಎಂದ. ಮಾತ್ರೆಯೂ ಬಿಡಿ ಎಂದ. ಎಲ್ಲರೂ ಬಿಟ್ಟರು. ಬಿಡುವುದು ಅವರಿಗೆ ಸುಲಭವಿತ್ತು. ಹರಾಜಣ್ಣನ ಸರದಿ ಬಂದಾಗ ಅವರು ಆ ಮಾತನ್ನೇ ಎತ್ತದೆ, ಲಾರಿಯಣ್ಣನ ಹಳೆಯ ಟೈರೊಂದನ್ನು ಜಗಲಿಯಲ್ಲೇ ಹರಾಜಿಗೆ ಹಾಕಿದರು. "ಒಂದು ಸಲ. ಎರಡು ಸಲ. ಯಾರಿಗೂ ಬೇಡ್ವಾ? ಲಾರಿಗೂ. ಬೇಡವಂತೆ," ಎಂದು ಆ ಒಂದೇ ಸ್ವರದಲ್ಲಿ ಕೂಗಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕನ್ನಡಕದವನೂ ನಕ್ಕ, ನಕ್ಕದ್ದು ಯಾರಿಗೂ ಕೇಳದಿರಲೆಂದು ಗುಂಡಿಯಿಂದ ಬೆರಳನ್ನು ದೂರವಿಟ್ಟುಕೊಂಡಿದ್ದ.

ಕೋಣೆಯ ಬೀಗದ ಕೈಯನ್ನು ಆ ವಾರವೇ ಮಾತ್ರೆಗೆ ಒಪ್ಪಿಸಿದ. ಆ ಎಂಜಿನಿಯರಿಗೆ ಫೋನು ಮಾಡಿ, ಅಂದು ಬಂದದ್ದು ತೊಂದರೆಯಲ್ಲ, ನನ್ನ ಗುರುಗಳು, ಎಂದು ತಿಳಿಸಿ, ಹರಾಜಣ್ಣನ ಪ್ರಶ್ನೆಯನ್ನು ಅವರ ಬದಲು ತಾನು ಕೇಳಿದ. ಅವರು ಬಹಳ ಹೊತ್ತು ವಿಚಾರಿಸಿ, ಮೈಕಿನ ಒಂದೆರಡು ಹೊಂದಾಣಿಕೆ ಹೇಳಿಕೊಟ್ಟರು. ಅದನ್ನು ಮಾಡಿಕೊಡಲು ಹರಾಜಣ್ಣನ ಮನೆಗೆ ಹೋದ. ಅವರು ಬೇಡವೆನ್ನಲಿಲ್ಲ. ಅವನು ಕೂರುವ ಮುಂಚೆ ಕುರ್ಚಿಯನ್ನು ಟವೆಲಿನಿಂದ ಒರೆಸಿದರು. ಟೀ ಬಂತು, ಜೊತೆಗೆ ಬಿಸ್ಕತ್ತು ಬಂತು. ಮೊದಲೆಲ್ಲ ಅವನು ಆ ಮನೆಯ ಅಡುಗೆಮನೆಗೇ ನುಗ್ಗಿ ಡಬ್ಬಿಗೆ ಕೈ ಹಾಕುತ್ತಿದ್ದ. ಈಗ ತಟ್ಟೆಯಲ್ಲಿಟ್ಟು ತಂದ ಬಿಸ್ಕತ್ತನ್ನು ಎತ್ತಿಕೊಳ್ಳಲು ನಾಚಿಕೆಯಾಯಿತು. ಹೊಂದಾಣಿಕೆ ಮುಗಿದ ಮೇಲೆ ಹರಾಜಣ್ಣ, "ಚೆನ್ನಾಗಾಯ್ತು. ನಿಮಗೆ ತೊಂದರೆ ಕೊಟ್ಟೆ," ಎಂದರು. ಬಾಗಿಲವರೆಗೆ ಬಂದು ಅವನ ಸ್ಕ್ರೂಡ್ರೈವರಿನ ಚೀಲವನ್ನು ಕೈಗಿತ್ತರು. ಅತ್ತಿಗೆ ಒಂದು ಸಲ ಗಂಡನನ್ನೂ ಒಂದು ಸಲ ಅವನನ್ನೂ ನೋಡಿ, "ಬರ್ತಿರು," ಎಂದರು. ಹೇಳುವಾಗ ಅವರ ದನಿ ಸಣ್ಣಗಿತ್ತು.

ಜಗಲಿಗೆ ಅವನು ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಅದೂ ಒಂದು ತಪ್ಪಿಸಿಕೊಳ್ಳುವಿಕೆ ಎನಿಸುತ್ತಿತ್ತು. ದಿನವೂ ಹೋಗಿ ಕೊನೆಯಲ್ಲಿ ಕೂರುತ್ತಿದ್ದ. ಅವನ ಸರದಿ ಬಂದಾಗ, ಈಗ ಸರದಿ ಕೂಗುತ್ತಿದ್ದ ಹರಾಜಣ್ಣ, "ಕನ್ನಡಕದವರಿಗೆ ನಮಸ್ಕಾ‌ರ. ಕೇಳಿಸ್ತಿದೆ," ಎಂದು ಮುಂದಿನವರನ್ನು ಕರೆಯುತ್ತಿದ್ದರು. ಅಷ್ಟೂ ಹೇಳದೆ ಬಿಟ್ಟಿದ್ದರೆ ದೂರಲು ಜಾಗವಿರುತ್ತಿತ್ತು.

ಮಳೆಗಾಲ ಕಳೆದು ಬಿಸಿಲು ಮತ್ತೆ ಕಾಣಿಸಿಕೊಂಡ ದಿನಗಳವು. ಒಂದು ಸಂಜೆ ಜಗಲಿ ಮುಗಿದು, ಒಬ್ಬೊಬ್ಬರಾಗಿ ಬೀಳ್ಕೊಂಡು, ಎಲ್ಲರ ಹೆಸರುಗಳೂ ಮರೆಯಾದ ಮೇಲೆ ಕನ್ನಡಕದವನು ಅಂಗಡಿಯಲ್ಲೇ ಕೂತು ಒಂದು ಮಸೂರದ ಅಂಚು ಉಜ್ಜುತ್ತಿದ್ದ. ಸೆಟ್ಟು ಕೌಂಟರಿನ ಮೇಲಿತ್ತು. ಅದರ ಪರದೆ ಇದ್ದಕ್ಕಿದ್ದಂತೆ ಬೆಳಗಿತು. ಹರಾಜಣ್ಣ.

ಅವನು ಉಜ್ಜುವುದನ್ನು ನಿಲ್ಲಿಸಿದ. ಮಾತು ಬರಲಿಲ್ಲ. ದುಂಬಿಯ ಸದ್ದೂ ಇರಲಿಲ್ಲ. ಹೆಸರು ಮಾತ್ರ ಇತ್ತು, ಅಂದರೆ ಆ ಕಡೆ ಗುಂಡಿ ಒತ್ತಿಯೇ ಇತ್ತು. ಹಾಸಿಗೆಯ ಮೇಲೆ ಬಿದ್ದ ಸೆಟ್ಟು ದಿಂಬಿನಡಿ ಸಿಕ್ಕಿ ತಾನಾಗಿ ಒತ್ತಿಕೊಂಡಿತ್ತೋ, ಯಾರಾದರೂ ಒತ್ತಿ ಹಿಡಿದಿದ್ದರೋ ತಿಳಿಯುವಂತಿರಲಿಲ್ಲ. ಕಿವಿಗೆ ಹತ್ತಿರ ಹಿಡಿದ. ಎಲ್ಲೋ ನಲ್ಲಿಯ ನೀರು ಬೀಳುತ್ತಿರಬೇಕು, ಆ ಸದ್ದು ಚೂರುಚೂರಾಗಿ ಬಂತು. ಒಂದು ಲೋಟ ಇಟ್ಟ ಸದ್ದು. ಅತ್ತಿಗೆ ಒಳಗಿನಿಂದ ಏನೋ ಕೇಳಿದ ಹಾಗಾಯಿತು. ಪ್ರಶ್ನೆ ಎಂದಷ್ಟೇ ತಿಳಿಯಿತು, ಏನೆಂದು ತಿಳಿಯಲಿಲ್ಲ. ಅದಕ್ಕೆ ಉತ್ತರ ಬರಲಿಲ್ಲ. ಮತ್ತೆ ನೀರಿನ ಸದ್ದು.

ಒಂದೇ ಸಮನೆ ಗುಂಡಿ ಒತ್ತಿದ್ದರೆ ಸೆಟ್ಟು ಕೆಲವು ನಿಮಿಷಗಳಲ್ಲಿ ತಾನೇ ದನಿ ಕಡಿಯುತ್ತದೆ, ಮತ್ತೆ ಹೊರಡಬೇಕಾದರೆ ಗುಂಡಿ ಬಿಟ್ಟು ಹೊಸದಾಗಿ ಒತ್ತಬೇಕು. ಹಾಗೆಯೇ ಕಡಿಯಿತು. ಪರದೆ ಕತ್ತಲಾಯಿತು. ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು. ಅವನು ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡಿ ಮುಟ್ಟದೆ ಕೂತಿದ್ದ.

ಪರದೆ ಮತ್ತೆ ಬೆಳಗಿತು.